ಹಸುವಿನ ತೇಗು ಮತ್ತು ಟ್ಯಾಂಕಿನ ಲೆಕ್ಕ: ನ್ಯೂಜಿಲೆಂಡಿನ ಮೀಥೇನ್ ಪಾಠ



ಕಳೆದ ಸೆಮಿಸ್ಟರ್ ರಜೆಯಲ್ಲಿ ಊರಿಗೆ ಹೋಗಿದ್ದಾಗ ಒಂದು ಸಂಜೆ ಜಗಲಿ ಮೇಲೆ ಕೂತು ಪರಿಸರ ವಿಷಯದ ಅಸೈನ್‌ಮೆಂಟ್ ಬರೀತಿದ್ದೆ. "ಮೀಥೇನ್ ಕಡಿಮೆ ಮಾಡಲು ಯಾವುದಾದರೂ ಒಂದು ದೇಶ ಕೈಗೊಂಡ ಕ್ರಮಗಳು" ಅನ್ನೋದು ವಿಷಯ. ಎದುರಿನ ಕೊಟ್ಟಿಗೆಯಲ್ಲಿ ನಮ್ಮ ಗೌರಿ ಮಲಗಿಕೊಂಡು ಮೆಲುಕು ಹಾಕ್ತಿತ್ತು. ಸುಮ್ಮನೆ ಗಮನಿಸಿದರೆ ಹೆಚ್ಚುಕಮ್ಮಿ ನಿಮಿಷಕ್ಕೊಂದು ಸಲ ಅದರ ಗಂಟಲಲ್ಲಿ ಸಣ್ಣದೊಂದು ಅಲುಗಾಟ, ಆಮೇಲೆ ಬಾಯಿಂದ ಒಂದು ತೇಗು. ನಾನು ಪುಸ್ತಕದಲ್ಲಿ ಹುಡುಕ್ತಿದ್ದ ಅನಿಲ ಹತ್ತಡಿ ದೂರದಲ್ಲೇ ಹೊರಗೆ ಬರ್ತಿತ್ತು!

ಮೀಥೇನ್ ಅಂದ ಕೂಡಲೇ ನಮಗೆ ನೆನಪಾಗೋದು ಗೋಬರ್ ಗ್ಯಾಸ್, ಕಲ್ಲಿದ್ದಲು ಗಣಿ, ತೈಲ ಬಾವಿ, ಗ್ಯಾಸ್ ಪೈಪ್‌ಲೈನ್. ಎಷ್ಟೋ ದೇಶಗಳಲ್ಲಿ ಮೀಥೇನ್ ಕಡಿಮೆ ಮಾಡೋದು ಅಂದ್ರೆ ಸೋರುವ ವಾಲ್ವ್ ಬದಲಾಯಿಸೋದು, ಪೈಪಿನ ತೂತು ಮುಚ್ಚೋದು. ಅದಕ್ಕೆ ಇಂಜಿನಿಯರ್ ಸಾಕು. ಆದರೆ ನ್ಯೂಜಿಲೆಂಡಿನ ಕಥೆ ಬೇರೆ. ಅಲ್ಲಿ ಜನ ಸುಮಾರು 50 ಲಕ್ಷ, ದನ ಸುಮಾರು 1 ಕೋಟಿ, ಕುರಿ ಎರಡು ಕೋಟಿಗೂ ಹೆಚ್ಚು. ಇಡೀ ದೇಶ ಬಿಡುವ ಹಸಿರುಮನೆ ಅನಿಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಕೃಷಿಯಿಂದಲೇ ಬರುತ್ತೆ, ಅದರಲ್ಲಿ ದೊಡ್ಡ ಪಾಲು ಮೀಥೇನ್. ಅಂದ್ರೆ ಅವರಿಗೆ ಮುಚ್ಚೋಕೆ ಪೈಪೇ ಇಲ್ಲ. ಇರೋದು ಹಸುವಿನ ಬಾಯಿ.

ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆ ದೇಶ ಇದರ ಜೊತೆ ಗುದ್ದಾಡ್ತಿದೆ. ಎಲ್ಲಿ ಗೆದ್ದಿತು, ಎಲ್ಲಿ ಸೋತಿತು, ಯಾಕೆ ಅಂತ ಒಂದೊಂದಾಗಿ ನೋಡೋಣ. ಮೊದಲು ಸ್ವಲ್ಪ ವಿಜ್ಞಾನ.

ಹೊಟ್ಟೆಯೊಳಗಿನ ರಿಯಾಕ್ಟರ್

ಹುಲ್ಲಿನಲ್ಲಿರೋ ಸೆಲ್ಯುಲೋಸ್ ನಮಗೆ ಜೀರ್ಣ ಆಗಲ್ಲ. ಹಸುವಿಗೂ ನೇರವಾಗಿ ಆಗಲ್ಲ. ಆದರೆ ಹಸುವಿನ ಹೊಟ್ಟೆಯ ಮೊದಲ ಭಾಗ, ಅಂದ್ರೆ ರೂಮೆನ್, ನೂರು ಲೀಟರಿಗೂ ದೊಡ್ಡದಾದ ಒಂದು ಹುದುಗುವ ತೊಟ್ಟಿ. ಒಳಗೆ ಸುಮಾರು 39 ಡಿಗ್ರಿ ಸೆಲ್ಸಿಯಸ್ ಶಾಖ, ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೆಮಿಕಲ್ ಇಂಜಿನಿಯರಿಂಗ್ ಗೆಳೆಯರ ಭಾಷೆಯಲ್ಲಿ ಹೇಳೋದಾದ್ರೆ, ಸದಾ ಓಡುತ್ತಿರುವ ಒಂದು ಆಮ್ಲಜನಕರಹಿತ ಬಯೋರಿಯಾಕ್ಟರ್.

ಅಲ್ಲಿರೋ ಸೂಕ್ಷ್ಮಜೀವಿಗಳು ಹುಲ್ಲನ್ನು ಒಡೆದು ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳನ್ನು ಮಾಡುತ್ತವೆ. ಹಸುವಿನ ಮೈಗೆ ಶಕ್ತಿ ಸಿಗೋದು ಮುಖ್ಯವಾಗಿ ಇದರಿಂದ. ಜೊತೆಗೆ ಹೈಡ್ರೋಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ಕೂಡ ಹುಟ್ಟುತ್ತವೆ. ಈ ಹೈಡ್ರೋಜನ್ ಒಳಗೇ ತುಂಬಿಕೊಂಡರೆ ಹುದುಗುವ ಕೆಲಸವೇ ನಿಧಾನ ಆಗಿಬಿಡುತ್ತೆ. ಇಲ್ಲಿ ಬರ್ತಾರೆ ಮೆಥನೋಜನ್ ಅನ್ನೋ ಆರ್ಕಿಯಾ ಜೀವಿಗಳು. ನಾಲ್ಕು ಅಣು ಹೈಡ್ರೋಜನ್, ಒಂದು ಅಣು ಕಾರ್ಬನ್ ಡೈಆಕ್ಸೈಡ್ ತಗೊಂಡು ಒಂದು ಅಣು ಮೀಥೇನ್, ಎರಡು ಅಣು ನೀರು ಮಾಡಿ ಜಾಗ ಖಾಲಿ ಮಾಡುತ್ತವೆ. ಆ ಮೀಥೇನ್ ತೇಗಿನ ಮೂಲಕ ಹೊರಗೆ ಹೋಗುತ್ತೆ. ಎಲ್ಲರೂ ತಮಾಷೆಗೆ ಹೇಳೋ ಹಾಗೆ ಹಿಂಬದಿಯಿಂದ ಬರೋದು ತೀರಾ ಸ್ವಲ್ಪ, ಬಹುಪಾಲು ಬಾಯಿಯಿಂದಲೇ.

"ಗೋಬರ್ ಗ್ಯಾಸ್ ಪ್ಲಾಂಟ್ ಹಾಕಿದ್ರೆ ಆಯ್ತಲ್ಲ?" ಅಂತ ನನ್ನ ರೂಮ್‌ಮೇಟ್ ಕೇಳಿದ. ಅದು ಸಗಣಿಯಿಂದ ಬರುವ ಮೀಥೇನಿಗೆ ಮಾತ್ರ ಉತ್ತರ. ನ್ಯೂಜಿಲೆಂಡಿನ ಹಸುಗಳು ವರ್ಷಪೂರ್ತಿ ಬಯಲಲ್ಲೇ ಮೇಯುತ್ತವೆ, ಸಗಣಿ ಅಲ್ಲೇ ಹುಲ್ಲಿನ ಮೇಲೆ ಗಾಳಿಗೆ ಬಿದ್ದು ಒಣಗುತ್ತೆ. ಆಮ್ಲಜನಕ ಸಿಗೋದರಿಂದ ಅದರಿಂದ ಬರುವ ಮೀಥೇನ್ ಕಡಿಮೆ. ತೇಗಿಗೆ ಪೈಪ್ ಜೋಡಿಸೋಕೆ ಆಗಲ್ಲವಲ್ಲ!

ಈಗ ಒಂದು ಚಿಕ್ಕ ಲೆಕ್ಕ. ಒಂದು ಹಾಲು ಕೊಡುವ ಹಸು ವರ್ಷಕ್ಕೆ ಸುಮಾರು 90 ಕೆಜಿ ಮೀಥೇನ್ ಬಿಡುತ್ತೆ ಅಂತ ಇಟ್ಟುಕೊಳ್ಳಿ. ಮೀಥೇನ್ ಸುಟ್ಟರೆ ಕೆಜಿಗೆ ಸುಮಾರು 50 ಮೆಗಾಜೂಲ್ ಶಕ್ತಿ. ಒಟ್ಟು 4500 ಮೆಗಾಜೂಲ್. ನಮ್ಮ ಮನೆಗೆ ಬರೋ 14.2 ಕೆಜಿಯ ಅಡುಗೆ ಗ್ಯಾಸ್ ಸಿಲಿಂಡರಿನಲ್ಲಿ ಸುಮಾರು 650 ಮೆಗಾಜೂಲ್ ಇರುತ್ತೆ. ಭಾಗಿಸಿ ನೋಡಿ, ಒಂದು ಹಸು ವರ್ಷಕ್ಕೆ ಹೆಚ್ಚುಕಡಿಮೆ ಏಳು ಸಿಲಿಂಡರಿನಷ್ಟು ಶಕ್ತಿಯನ್ನು ಗಾಳಿಗೆ ಬಿಡುತ್ತೆ. ಇದು ಅದು ತಿಂದ ಮೇವಿನದ್ದೇ ಶಕ್ತಿ. ಹಾಲಾಗಬಹುದಾಗಿದ್ದದ್ದು ತೇಗಾಗಿ ಹೋಯ್ತು. ಹಾಗಾಗಿ ಮೀಥೇನ್ ತಗ್ಗಿಸಿದರೆ ರೈತನಿಗೂ ಲಾಭ ಆಗಬೇಕಲ್ಲ ಅನ್ನೋ ಆಸೆ ವಿಜ್ಞಾನಿಗಳಿಗೆ ಮೊದಲಿನಿಂದಲೂ ಇತ್ತು. ಈ ಆಸೆಯನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತೆ.

ಟ್ಯಾಂಕಿನ ಲೆಕ್ಕ

ಮೀಥೇನ್ ಎಷ್ಟು ಅಪಾಯ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗೋ ಉತ್ತರ: ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು. ಒಂದೇ ಅನಿಲಕ್ಕೆ ಎರಡು ಅಂಕಿ ಯಾಕೆ? ಯಾಕಂದ್ರೆ ಮೀಥೇನಿನ ಆಯಸ್ಸು ಕಡಿಮೆ. ಗಾಳಿಯಲ್ಲಿರುವ ಹೈಡ್ರಾಕ್ಸಿಲ್ ರಾಡಿಕಲ್‌ಗಳು ಅದನ್ನು ಒಡೆದು ಹಾಕುತ್ತವೆ. ಸರಾಸರಿ ಆಯಸ್ಸು ಸುಮಾರು 12 ವರ್ಷ ಅಂತ ಹಿಡಿಯುತ್ತಾರೆ. ಕಾರ್ಬನ್ ಡೈಆಕ್ಸೈಡಿನ ಒಂದು ಪಾಲು ಶತಮಾನಗಟ್ಟಲೆ ಉಳಿಯುತ್ತೆ.

ಇದನ್ನು ನಾವು ಎರಡನೇ ಸೆಮಿಸ್ಟರಿನ ಗಣಿತದಲ್ಲಿ ಕಲಿತ ಟ್ಯಾಂಕಿನ ಲೆಕ್ಕದಂತೆ ನೋಡಬಹುದು. ಮೇಲಿಂದ ನಲ್ಲಿ ಬಿಟ್ಟಿದೆ, ಕೆಳಗೆ ತೂತಿದೆ. ಟ್ಯಾಂಕಿನಲ್ಲಿರುವ ನೀರಿನ ಹನ್ನೆರಡನೇ ಒಂದು ಭಾಗ ಪ್ರತಿ ವರ್ಷ ಸೋರಿಹೋಗುತ್ತೆ. ವರ್ಷಕ್ಕೆ 100 ಯೂನಿಟ್ ಒಳಗೆ ಬಂದರೆ, ಬರುವುದೂ ಹೋಗುವುದೂ ಸಮ ಆಗೋದು ಟ್ಯಾಂಕಿನಲ್ಲಿ 1200 ಯೂನಿಟ್ ಇದ್ದಾಗ. ಆಮೇಲೆ ನಲ್ಲಿ ಹಾಗೇ ಓಡ್ತಿದ್ದರೂ ಮಟ್ಟ ಏರಲ್ಲ.

ಈಗ ನಲ್ಲಿಯನ್ನು 90ಕ್ಕೆ ಇಳಿಸಿ. ಹೊಸ ಸಮತೋಲನ 1080. ಹನ್ನೆರಡು ವರ್ಷಕ್ಕೆ ಮಟ್ಟ ಸುಮಾರು 1124ಕ್ಕೆ ಇಳಿಯುತ್ತೆ, ಇಪ್ಪತ್ನಾಲ್ಕು ವರ್ಷಕ್ಕೆ ಸುಮಾರು 1096ಕ್ಕೆ. ಬರೀ ಶೇ. 10 ಇಳಿಸಿದ್ದಕ್ಕೆ ಟ್ಯಾಂಕಿನ ಮಟ್ಟವೇ ಕೆಳಗೆ ಬಂತು! ಕಾರ್ಬನ್ ಡೈಆಕ್ಸೈಡಿನ ಟ್ಯಾಂಕಿಗೆ ಇರೋದು ಬಹುತೇಕ ಕಟ್ಟಿಕೊಂಡ ತೂತು. ಅಲ್ಲಿ ನಲ್ಲಿಯನ್ನು 100ರಿಂದ 90ಕ್ಕೆ ಇಳಿಸಿದರೆ ಮಟ್ಟ ಏರೋದು ಸ್ವಲ್ಪ ನಿಧಾನ ಆಗುತ್ತೆ ಅಷ್ಟೆ, ಏರೋದು ನಿಲ್ಲಲ್ಲ. ನಿಲ್ಲಬೇಕಂದ್ರೆ ನಿವ್ವಳ ಸೊನ್ನೆಗೆ ಬರಲೇಬೇಕು.

ಈ ಟ್ಯಾಂಕಿನ ಲೆಕ್ಕದಿಂದ ಎರಡು ಮಾತು ಹುಟ್ಟುತ್ತವೆ. ಒಂದು: ಮೀಥೇನ್ ಇಳಿಸಿದರೆ ಅದರ ಫಲವನ್ನು ನಮ್ಮ ಜೀವಮಾನದಲ್ಲೇ ಕಾಣಬಹುದು. ಅದಕ್ಕೇ 2021ರ ನವೆಂಬರಿನಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ನೂರಕ್ಕೂ ಹೆಚ್ಚು ದೇಶಗಳು ಸೇರಿ, 2030ರೊಳಗೆ ಜಗತ್ತಿನ ಮೀಥೇನ್ ಅನ್ನು 2020ರ ಮಟ್ಟಕ್ಕಿಂತ ಶೇ. 30 ಇಳಿಸೋಣ ಅಂತ ವಾಗ್ದಾನ ಮಾಡಿದ್ದು. ನ್ಯೂಜಿಲೆಂಡೂ ಸೇರಿತು. ಎರಡು: "ನಮ್ಮ ನಲ್ಲಿ ಏರ್ತಿಲ್ಲ, ಹಾಗಾದ್ರೆ ನಾವು ಬಿಸಿ ಹೆಚ್ಚಿಸ್ತಿಲ್ಲ" ಅಂತಲೂ ಒಬ್ಬರು ವಾದ ಮಾಡಬಹುದು. ಈ ಎರಡನೇ ಮಾತೇ ನ್ಯೂಜಿಲೆಂಡಿನ ರಾಜಕೀಯದಲ್ಲಿ ದೊಡ್ಡ ಜಗಳವಾಯ್ತು.

2003: ಪಾರ್ಲಿಮೆಂಟಿನ ಮೆಟ್ಟಿಲು ಹತ್ತಿದ ಟ್ರ್ಯಾಕ್ಟರ್

2003ರಲ್ಲಿ ಹೆಲೆನ್ ಕ್ಲಾರ್ಕ್ ಅವರ ಲೇಬರ್ ಸರ್ಕಾರ ಒಂದು ಪ್ರಸ್ತಾವ ಇಟ್ಟಿತು. ಜಾನುವಾರು ಸಾಕುವವರಿಂದ ತಲೆಗಿಷ್ಟು ಅಂತ ಸಣ್ಣ ಶುಲ್ಕ, ಒಟ್ಟು ವರ್ಷಕ್ಕೆ ಸುಮಾರು 84 ಲಕ್ಷ ನ್ಯೂಜಿಲೆಂಡ್ ಡಾಲರ್. ಆ ದುಡ್ಡು ಪೂರ್ತಿ ಮೀಥೇನ್ ಸಂಶೋಧನೆಗೆ. ಗಮನಿಸಿ, ಅದು ಮೀಥೇನ್ ಬಿಟ್ಟಿದ್ದಕ್ಕೆ ದಂಡ ಆಗಿರಲಿಲ್ಲ, ಲ್ಯಾಬ್ ನಡೆಸೋಕೆ ವಂತಿಗೆ ಅಷ್ಟೆ. ಆದರೆ ಜನರ ಬಾಯಲ್ಲಿ ಅದಕ್ಕೆ ಬಿದ್ದ ಹೆಸರು "ಹೂಸಿನ ತೆರಿಗೆ". ಒಮ್ಮೆ ಹೆಸರು ಬಿದ್ದ ಮೇಲೆ ಸರ್ಕಾರ ಏನು ವಿವರಿಸಿದರೂ ಯಾರೂ ಕೇಳಲಿಲ್ಲ.

ರೈತರು ವೆಲ್ಲಿಂಗ್ಟನ್ನಿಗೆ ಮೆರವಣಿಗೆ ಬಂದರು. ವಿರೋಧ ಪಕ್ಷದ ಸಂಸದ ಶೇನ್ ಆರ್ಡರ್ನ್ ಮಿರ್ಟಲ್ ಅನ್ನೋ ಹೆಸರಿನ ಹಳೇ ಟ್ರ್ಯಾಕ್ಟರನ್ನು ಪಾರ್ಲಿಮೆಂಟಿನ ಮೆಟ್ಟಿಲುಗಳ ಮೇಲೆಯೇ ಹತ್ತಿಸಿಬಿಟ್ಟರು. ಪ್ರಸ್ತಾವ ಬಿದ್ದುಹೋಯ್ತು. ಬದಲಿಗೆ ಸರ್ಕಾರ ಮತ್ತು ಕೃಷಿ ಉದ್ಯಮ ಎರಡೂ ದುಡ್ಡು ಹಾಕಿ ಸಂಶೋಧನಾ ಒಕ್ಕೂಟ ನಡೆಸೋದು ಅಂತಾಯ್ತು. ಅಲ್ಲಿಂದ ಮುಂದೆ ಆ ದೇಶದಲ್ಲಿ ಮೀಥೇನಿಗೆ ಬೆಲೆ ಕಟ್ಟುವ ಮಾತು ಬಂದಾಗಲೆಲ್ಲ ಈ ಟ್ರ್ಯಾಕ್ಟರಿನ ಚಿತ್ರ ಮತ್ತೆ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತೆ.

2008ರಲ್ಲಿ ನ್ಯೂಜಿಲೆಂಡ್ ಎಮಿಷನ್ ಟ್ರೇಡಿಂಗ್ ಪದ್ಧತಿ ತಂದಿತು. ಮಾಲಿನ್ಯ ಮಾಡುವವರು ಅದಕ್ಕೆ ತಕ್ಕಷ್ಟು ಯೂನಿಟ್ ಕೊಂಡು ಸರ್ಕಾರಕ್ಕೆ ಒಪ್ಪಿಸಬೇಕು. ಇಂಧನ, ಕೈಗಾರಿಕೆಗಳು ಒಳಗೆ ಬಂದವು. 2013ರಿಂದ ಕಸದ ಗುಂಡಿಗಳೂ ಬಂದವು: ಕೊಳೆಯುವ ಕಸದಿಂದ ಮೀಥೇನ್ ಬಂದರೆ ಅದನ್ನು ನಡೆಸುವವರು ದುಡ್ಡು ಕಟ್ಟಬೇಕು, ಅನಿಲವನ್ನು ಹಿಡಿದು ಸುಟ್ಟರೆ ಅಷ್ಟು ಉಳಿತಾಯ. ಆದರೆ ಕೃಷಿಗೆ ಮಾತ್ರ ಲೆಕ್ಕ ಒಪ್ಪಿಸುವ ಕೆಲಸ ಬಂತು, ದುಡ್ಡು ಕಟ್ಟುವ ಕೆಲಸ ಬರಲಿಲ್ಲ. ಒಂದೇ ಅಣು, ಕಸದಿಂದ ಬಂದರೆ ಬೆಲೆ ಇದೆ, ಹಸುವಿನಿಂದ ಬಂದರೆ ಇಲ್ಲ.

2019: ಎರಡು ಟ್ಯಾಂಕಿಗೆ ಎರಡು ಗುರಿ

2019ರ ನವೆಂಬರಿನಲ್ಲಿ ಜಸಿಂಡಾ ಆರ್ಡರ್ನ್ ಸರ್ಕಾರ ತಂದ ಝೀರೋ ಕಾರ್ಬನ್ ಕಾನೂನು ನನ್ನ ಮಟ್ಟಿಗೆ ಈ ಕಥೆಯ ಅತ್ಯಂತ ಜಾಣ ಭಾಗ. ವಿರೋಧದಲ್ಲಿದ್ದ ನ್ಯಾಷನಲ್ ಪಕ್ಷವೂ ಅದನ್ನು ಬೆಂಬಲಿಸಿತು. ಎಷ್ಟೋ ದೇಶಗಳು ಎಲ್ಲ ಅನಿಲಗಳನ್ನೂ ಕೂಡಿಸಿ "ನಿವ್ವಳ ಸೊನ್ನೆ" ಅಂತ ಒಂದೇ ಗುರಿ ಇಟ್ಟುಕೊಳ್ಳುತ್ತವೆ. ನ್ಯೂಜಿಲೆಂಡ್ ನಾವು ಮೇಲೆ ನೋಡಿದ ಎರಡು ಟ್ಯಾಂಕುಗಳನ್ನು ಬೇರೆ ಬೇರೆ ಮಾಡಿತು.

ಕಾರ್ಬನ್ ಡೈಆಕ್ಸೈಡ್, ನೈಟ್ರಸ್ ಆಕ್ಸೈಡ್ ಮುಂತಾದವು 2050ಕ್ಕೆ ನಿವ್ವಳ ಸೊನ್ನೆ ಆಗಬೇಕು. ಜಾನುವಾರು ಮತ್ತು ಕಸದಿಂದ ಬರುವ ಜೈವಿಕ ಮೀಥೇನ್ ಮಾತ್ರ 2017ರ ಮಟ್ಟಕ್ಕಿಂತ 2030ರೊಳಗೆ ಶೇ. 10, 2050ರೊಳಗೆ ಶೇ. 24ರಿಂದ 47ರಷ್ಟು ಇಳಿಯಬೇಕು. ಸೊನ್ನೆ ಆಗಬೇಕಿಲ್ಲ. ವಿಜ್ಞಾನದ ಪ್ರಕಾರ ಇದು ಸರಿಯಾದ ವಿಂಗಡಣೆ. ಆಯಸ್ಸು ಬೇರೆ ಇರುವ ಅನಿಲಗಳಿಗೆ ಗುರಿಯೂ ಬೇರೆ.

ಕಾಗದದ ಮೇಲೆ ಗುರಿ ಬಂತು. ಈಗ ಅದನ್ನು ಮುಟ್ಟೋದು ಹೇಗೆ?

ಲ್ಯಾಬಿನಿಂದ ಹುಲ್ಲುಗಾವಲಿಗೆ

ಇಲ್ಲಿ ನಮ್ಮಂಥವರಿಗೆ ಖುಷಿ ಕೊಡೋ ಕೆಲಸಗಳು ಬಹಳ ನಡೆದಿವೆ.

*ತಳಿ ಆಯ್ಕೆ.* ಒಂದೇ ಹುಲ್ಲು ತಿಂದರೂ ಎಲ್ಲ ಕುರಿಗಳು ಒಂದೇ ಸಮ ಮೀಥೇನ್ ಬಿಡಲ್ಲ, ಮತ್ತು ಈ ಗುಣ ತಾಯಿತಂದೆಯಿಂದ ಮರಿಗೆ ಹೋಗುತ್ತೆ. ಅಲ್ಲಿನ ವಿಜ್ಞಾನಿಗಳು ಕುರಿಗಳನ್ನು ಒಂದೊಂದಾಗಿ ಗಾಳಿಯಾಡದ ಪೆಟ್ಟಿಗೆಯಲ್ಲಿ ಮುಕ್ಕಾಲು ಗಂಟೆಯ ಆಸುಪಾಸು ನಿಲ್ಲಿಸಿ, ಒಳಗೆ ಸೇರಿದ ಮೀಥೇನ್ ಅಳೆದರು. ಆ ಪೆಟ್ಟಿಗೆಗಳನ್ನು ಟ್ರೈಲರ್ ಮೇಲೆ ಇಟ್ಟು ಹೊಲದಿಂದ ಹೊಲಕ್ಕೆ ಒಯ್ಯಬಹುದು. ಕಡಿಮೆ ಬಿಡುವವನ್ನು, ಜಾಸ್ತಿ ಬಿಡುವವನ್ನು ಬೇರೆ ಮಾಡಿ ತಲೆಮಾರುಗಟ್ಟಲೆ ಬೆಳೆಸಿದಾಗ ಎರಡು ಹಿಂಡುಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂತು. ಕಾರಣ ಹುಡುಕಿದರೆ ಕಡಿಮೆ ಮೀಥೇನಿನ ಕುರಿಗಳ ರೂಮೆನ್ ಚಿಕ್ಕದು, ಮೇವು ಬೇಗ ಮುಂದೆ ಸಾಗುತ್ತೆ! ನಿಧಾನದ ದಾರಿ, ಆದರೆ ಒಮ್ಮೆ ಬಂದ ಗುಣ ಹಿಂಡಿನಲ್ಲಿ ಉಳಿಯುತ್ತೆ, ದಿನಾ ಏನೂ ತಿನ್ನಿಸಬೇಕಿಲ್ಲ.

*ಮೇವಿನ ಪೂರಕ.* 3-ಎನ್‌ಒಪಿ ಅನ್ನೋ ರಾಸಾಯನಿಕ ಮೆಥನೋಜನ್‌ಗಳು ಮೀಥೇನ್ ಮಾಡುವ ಕೊನೆಯ ಹಂತದ ಎನ್‌ಜೈಮನ್ನು ತಡೆಯುತ್ತೆ. ಹಾಲಿನ ಹಸುಗಳಲ್ಲಿ ಸುಮಾರು ಶೇ. 30 ಇಳಿಕೆ ಸಿಕ್ಕಿದೆ, ಯುರೋಪಿನಲ್ಲಿ 2022ರಲ್ಲಿ ಅನುಮತಿಯೂ ಸಿಕ್ಕಿತು. ಆದರೆ ಅದು ರೂಮೆನ್ನಿನಲ್ಲಿ ಬೇಗ ಕರಗಿಹೋಗುತ್ತೆ, ಮೇವಿನ ಜೊತೆ ಬೆರೆಸಿ ಸತತವಾಗಿ ಕೊಡ್ತಾ ಇರಬೇಕು. ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕುವ ಯುರೋಪಿನವರಿಗೆ ಸುಲಭ. ಬೆಟ್ಟದ ಮೇಲೆ ತಾನೇ ಮೇಯುವ ಹಸುವಿಗೆ ಪ್ರತಿ ತುತ್ತಿನಲ್ಲೂ ಔಷಧಿ ಬೆರೆಸೋದು ಹೇಗೆ? ಆಸ್ಪರಾಗಾಪ್ಸಿಸ್ ಅನ್ನೋ ಕೆಂಪು ಕಡಲಪಾಚಿಯ ಕಥೆಯೂ ಹೀಗೇ. ಹಾಗಾಗಿ ಹೊಟ್ಟೆಯೊಳಗೆ ಕೂತು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಔಷಧಿ ಬಿಡುವ ಗುಳಿಗೆಗಳ ಮೇಲೆ ಕೆಲಸ ನಡೆದಿದೆ.

*ಲಸಿಕೆ.* ಇದು ಅವರ ದೊಡ್ಡ ಕನಸು. ಹಸುವಿಗೆ ಚುಚ್ಚುಮದ್ದು ಕೊಟ್ಟರೆ ಮೆಥನೋಜನ್ ವಿರುದ್ಧದ ಪ್ರತಿಕಾಯಗಳು ಎಂಜಲಿನಲ್ಲಿ ಬಂದು, ಅದು ರೂಮೆನ್ನಿಗೆ ಇಳಿದು ಕೆಲಸ ಮಾಡಬೇಕು. ಮೇಯುವ ದನಗಳಿಗೆ ಇದಕ್ಕಿಂತ ಹೊಂದುವ ಉಪಾಯ ಇಲ್ಲ. ವರ್ಷಗಳಿಂದ ಸಂಶೋಧನೆ ನಡೀತಿದೆ, ರೈತರ ಕೈಗೆ ಇನ್ನೂ ಬಂದಿಲ್ಲ.

*ಆಕಾಶದ ಕಣ್ಣು.* 2024ರ ಮಾರ್ಚ್ 4ರಂದು ಮೀಥೇನ್‌ಸ್ಯಾಟ್ ಉಪಗ್ರಹ ಮೇಲಕ್ಕೆ ಹೋಯ್ತು. ಅಮೆರಿಕದ ಒಂದು ಪರಿಸರ ಸಂಸ್ಥೆಯ ಯೋಜನೆ, ಅದಕ್ಕೆ ನ್ಯೂಜಿಲೆಂಡ್ ಸರ್ಕಾರ 2.9 ಕೋಟಿ ನ್ಯೂಜಿಲೆಂಡ್ ಡಾಲರ್ ಹಾಕಿತ್ತು. ನೆಲದಿಂದ ಮೇಲೆ ಬರುವ ಸೂರ್ಯನ ಬೆಳಕಿನಲ್ಲಿ ಮೀಥೇನ್ ಹೀರಿಕೊಳ್ಳುವ ಅವಕೆಂಪು ತರಂಗಗಳು ಎಷ್ಟು ಕಮ್ಮಿಯಾಗಿವೆ ಅಂತ ನೋಡಿ ಅನಿಲದ ಪ್ರಮಾಣ ಕಂಡುಹಿಡಿಯೋದು ಅದರ ತತ್ವ. ಮುಖ್ಯ ಗುರಿ ತೈಲ ಮತ್ತು ಅನಿಲ ಕ್ಷೇತ್ರಗಳು. ಜೊತೆಗೆ ಹುಲ್ಲುಗಾವಲಿನಿಂದ ಏಳುವ ತೆಳುವಾದ ಮೀಥೇನ್ ಕೂಡ ಕಾಣಿಸುತ್ತಾ ಅಂತ ನೋಡೋದು ನ್ಯೂಜಿಲೆಂಡಿನ ವಿಜ್ಞಾನಿಗಳ ಪಾಲಿನ ಕೆಲಸ. 2025ರ ಜೂನ್ 20ರಂದು ಸಂಪರ್ಕ ಕಡಿದುಹೋಯ್ತು. ಹದಿನೈದು ತಿಂಗಳಿಗೆ ಮುಗಿದ ಕಥೆ. ಅಷ್ಟರೊಳಗೆ ಸಿಕ್ಕ ಡೇಟಾದ ಮೇಲೆ ಕೆಲಸ ಮುಂದುವರಿಯಿತು.

ಎಲ್ಲರೂ ಒಂದೇ ದೋಣಿಯಲ್ಲಿ?

2019ರಲ್ಲೇ ಸರ್ಕಾರ, ರೈತ ಸಂಘಟನೆಗಳು ಮತ್ತು ಮಾವೊರಿ ಪ್ರತಿನಿಧಿಗಳು ಸೇರಿ "ಹೆ ವಾಕಾ ಎಕೆ ನೋವಾ" ಅನ್ನೋ ಸಹಭಾಗಿತ್ವ ಶುರುಮಾಡಿದ್ದರು. ಮಾವೊರಿ ಭಾಷೆಯಲ್ಲಿ ಇದರ ಅರ್ಥ ಹೆಚ್ಚುಕಡಿಮೆ "ನಾವೆಲ್ಲ ಒಂದೇ ದೋಣಿಯಲ್ಲಿದ್ದೇವೆ" ಅಂತ. ಪ್ರತಿ ಜಮೀನಿನ ಮಟ್ಟದಲ್ಲಿ ಮೀಥೇನ್ ಲೆಕ್ಕ ಹಾಕಿ ಅದಕ್ಕೆ ಬೆಲೆ ಕಟ್ಟುವ ಪದ್ಧತಿ ರೂಪಿಸೋದು ಇದರ ಕೆಲಸ. 2022ರ ಅಕ್ಟೋಬರಿನಲ್ಲಿ ಸರ್ಕಾರ ತನ್ನ ಪ್ರಸ್ತಾವ ಮುಂದಿಟ್ಟಿತು: 2025ರಿಂದ ರೈತರು ಜಾನುವಾರುಗಳ ಮೀಥೇನಿಗೆ ಶುಲ್ಕ ಕಟ್ಟಬೇಕು, ಆ ದುಡ್ಡು ಸಂಶೋಧನೆಗೆ ಮತ್ತು ಕಡಿಮೆ ಮಾಡಿದವರಿಗೆ ಪ್ರೋತ್ಸಾಹಧನವಾಗಿ ವಾಪಸ್ ಬರುತ್ತೆ. ಜಾರಿಯಾಗಿದ್ದರೆ ಜಗತ್ತಿನಲ್ಲೇ ಮೊದಲು.

ಮತ್ತೆ ಟ್ರ್ಯಾಕ್ಟರುಗಳು ಬೀದಿಗೆ ಬಂದವು. ರೈತರ ವಾದವನ್ನು ತಳ್ಳಿಹಾಕೋಕೆ ಆಗಲ್ಲ, ಸರಿಯಾಗಿ ಕೇಳಿಸಿಕೊಳ್ಳಿ. ಒಂದು: ಒಂದು ಲೀಟರ್ ಹಾಲಿಗೆ ಎಷ್ಟು ಅನಿಲ ಅಂತ ನೋಡಿದರೆ ನ್ಯೂಜಿಲೆಂಡ್ ಜಗತ್ತಿನ ಅತಿ ಕಡಿಮೆ ಇರುವ ದೇಶಗಳಲ್ಲಿ ಒಂದು. ನಾವು ಕಮ್ಮಿ ಮಾಡಿದರೆ ಅದೇ ಹಾಲನ್ನು ಬೇರೆಯವರು ಇನ್ನೂ ಹೆಚ್ಚು ಅನಿಲ ಬಿಟ್ಟು ಉತ್ಪಾದಿಸುತ್ತಾರೆ. ಎರಡು: ಬೆಟ್ಟದ ಕುರಿ ಸಾಕಣೆ ನಷ್ಟವಾದರೆ ಜನ ಜಮೀನು ಮಾರಿ ಪೈನ್ ಮರ ನೆಡ್ತಾರೆ, ಹಳ್ಳಿಗಳು ಖಾಲಿಯಾಗ್ತವೆ. ಮೂರು, ಎಲ್ಲಕ್ಕಿಂತ ಗಟ್ಟಿ ವಾದ: ಮೇಯುವ ಹಸುವಿಗೆ ಒಗ್ಗುವ ಒಂದು ಔಷಧಿಯನ್ನೂ ನಮ್ಮ ಕೈಗೆ ಕೊಡದೆ ಬೆಲೆ ಮಾತ್ರ ಹಾಕಿದರೆ, ನಮಗಿರೋ ದಾರಿ ಒಂದೇ, ಹಸು ಕಮ್ಮಿ ಮಾಡೋದು.

2023ರ ಚುನಾವಣೆಯಲ್ಲಿ ಸರ್ಕಾರ ಬದಲಾಯ್ತು. 2024ರ ಜೂನಿನಲ್ಲಿ ಹೊಸ ಸರ್ಕಾರ ಕೃಷಿಯನ್ನು ಎಮಿಷನ್ ಟ್ರೇಡಿಂಗ್‌ನಿಂದ ಹೊರಗಿಡುವುದಾಗಿ ಹೇಳಿತು, ದೋಣಿಯ ಸಹಭಾಗಿತ್ವವೂ ಮುಗಿಯಿತು. 2025ರ ಅಕ್ಟೋಬರಿನಲ್ಲಿ ಇನ್ನೊಂದು ಹೆಜ್ಜೆ: ಕೃಷಿ ಮೀಥೇನಿಗೆ ತೆರಿಗೆ ಇಲ್ಲ, 2050ರ ಗುರಿಯನ್ನೂ ಶೇ. 24-47ರಿಂದ ಶೇ. 14-24ಕ್ಕೆ ಇಳಿಸುತ್ತೇವೆ ಅಂತ ಘೋಷಣೆ.

14 ಎಲ್ಲಿಂದ ಬಂತು?

ಇಲ್ಲಿ ಮತ್ತೆ ನಮ್ಮ ಟ್ಯಾಂಕಿಗೆ ಬರೋಣ. ಸರ್ಕಾರ ನೇಮಿಸಿದ ತಜ್ಞರ ಸಮಿತಿಗೆ ಕೇಳಿದ ಪ್ರಶ್ನೆ ಹೀಗಿತ್ತು: 2017ರ ಮಟ್ಟಕ್ಕಿಂತ ಹೆಚ್ಚುವರಿ ಬಿಸಿ ಸೇರಬಾರದು ಅಂದ್ರೆ ಮೀಥೇನ್ ಎಷ್ಟು ಇಳಿಯಬೇಕು? ಟ್ಯಾಂಕಿನ ಮಟ್ಟ ಸ್ಥಿರ ಇದ್ದರೂ ಸಾಗರಗಳು ನಿಧಾನವಾಗಿ ಬಿಸಿಯಾಗುತ್ತಾ ಇರೋದರಿಂದ ತಾಪ ಸ್ವಲ್ಪ ಏರುತ್ತೆ, ಅದನ್ನು ಸರಿದೂಗಿಸೋಕೆ ನಲ್ಲಿಯನ್ನೂ ಸ್ವಲ್ಪ ಇಳಿಸಬೇಕು. ಎಷ್ಟು ಇಳಿಸಬೇಕು ಅನ್ನೋದು ಜಗತ್ತಿನ ಉಳಿದ ದೇಶಗಳು ಯಾವ ದಾರಿ ಹಿಡಿಯುತ್ತವೆ ಅನ್ನೋದರ ಮೇಲೂ ನಿಂತಿದೆ. ಅದಕ್ಕೇ 14ರಿಂದ 24 ಅನ್ನೋ ಶ್ರೇಣಿ. ಕೇಳಿದ ಪ್ರಶ್ನೆಗೆ ಇದು ಸರಿಯಾದ ಉತ್ತರವೇ.

ಆದರೆ ಪ್ರಶ್ನೆ ಸರಿಯಾ? 1200 ಯೂನಿಟ್ ತುಂಬಿದ ಟ್ಯಾಂಕ್ ಇಟ್ಟುಕೊಂಡ ಮನೆಯೊಂದು, 100 ಯೂನಿಟ್ ಇರುವ ಪಕ್ಕದ ಮನೆಯೊಂದು ಅಂತ ಊಹಿಸಿ. "ಇಂದಿನಿಂದ ಯಾರೂ ಮಟ್ಟ ಏರಿಸಬಾರದು" ಅಂತ ನಿಯಮ ಮಾಡಿದರೆ ಮೊದಲನೆಯವನು 1200ರ ಬಿಸಿಯನ್ನು ಹಾಗೇ ಇಟ್ಟುಕೊಂಡು ಒಳ್ಳೆಯವನಾಗ್ತಾನೆ. ಎರಡನೆಯವನು ಮಕ್ಕಳಿಗೆ ಹಾಲಿರಲಿ ಅಂತ ಇನ್ನೊಂದು ಹಸು ತಂದರೆ ಅವನೇ ಅಪರಾಧಿ. 2017 ಅನ್ನೋ ಗೆರೆ ಎಳೆದವರು ಯಾರು, ಆ ದಿನ ಯಾರ ಟ್ಯಾಂಕಿನಲ್ಲಿ ಎಷ್ಟಿತ್ತು ಅನ್ನೋದು ಡಿಫರೆನ್ಷಿಯಲ್ ಈಕ್ವೇಷನ್ನಿನಿಂದ ಬರೋ ಉತ್ತರ ಅಲ್ಲ. ಅದೇ ದೇಶದ ಸ್ವತಂತ್ರ ಹವಾಮಾನ ಆಯೋಗ 2024ರ ಡಿಸೆಂಬರಿನಲ್ಲಿ, ಗುರಿಯನ್ನು ಶೇ. 35-47ಕ್ಕೆ ಏರಿಸಬೇಕು ಅಂತ ಶಿಫಾರಸು ಮಾಡಿತ್ತು. ಎರಡೂ ಕಡೆಯವರ ಭೌತಶಾಸ್ತ್ರ ಒಂದೇ. ಕೇಳಿಕೊಂಡ ಪ್ರಶ್ನೆ ಬೇರೆ, ಅದಕ್ಕೆ ಅಂಕಿಯೂ ಬೇರೆ. ಈ ಅಸೈನ್‌ಮೆಂಟಿನಿಂದ ನಾನು ಕಲಿತ ದೊಡ್ಡ ಪಾಠ ಇದು: ಯಾರಾದರೂ "ವಿಜ್ಞಾನ ಹೀಗೆ ಹೇಳುತ್ತೆ" ಅಂತ ಒಂದು ಅಂಕಿ ಮುಂದಿಟ್ಟರೆ, ವಿಜ್ಞಾನವನ್ನು ಅವರು ಏನಂತ ಕೇಳಿದ್ದರು ಅನ್ನೋದನ್ನು ಮೊದಲು ವಿಚಾರಿಸಬೇಕು.

ಹಾಗಂತ ಎಲ್ಲ ನಿಂತುಹೋಗಿಲ್ಲ. 2023ರಲ್ಲಿ ಸರ್ಕಾರ ಮತ್ತು ಉದ್ಯಮ ಅರ್ಧರ್ಧ ದುಡ್ಡು ಹಾಕುವ ಅಗ್ರಿಝೀರೋ ಅನ್ನೋ ಸಂಸ್ಥೆ ಶುರುವಾಯ್ತು, ಗುಳಿಗೆ, ಲಸಿಕೆ ಮುಂತಾದ ತಂತ್ರಗಳಿಗೆ ಬಂಡವಾಳ ಹಾಕ್ತಿದೆ. ರೈತರದ್ದೇ ಸಹಕಾರಿ ಸಂಸ್ಥೆಯಾದ ಫಾಂಟೆರಾ, ಪ್ರತಿ ಲೀಟರಿಗೆ ಲೆಕ್ಕ ಹಾಕಿದಾಗ ಜಮೀನಿನ ಅನಿಲವನ್ನು 2018ಕ್ಕಿಂತ 2030ರೊಳಗೆ ಶೇ. 30 ಇಳಿಸುವ ಗುರಿ ಇಟ್ಟುಕೊಂಡಿದೆ. ಅದರ ಹಾಲಿನ ಪುಡಿ ಕೊಳ್ಳುವ ದೊಡ್ಡ ಚಾಕೊಲೇಟ್, ಆಹಾರ ಕಂಪನಿಗಳೇ ಕಡಿಮೆ ಅನಿಲದ ಹಾಲು ಬೇಕು ಅಂತಿವೆ. ಸರ್ಕಾರ ಹಾಕಲಾಗದ ಒತ್ತಡವನ್ನು ಗಿರಾಕಿ ಹಾಕ್ತಿದ್ದಾನೆ. ಆದರೆ ಗಮನಿಸಿ, ಇದು ಲೀಟರಿನ ಲೆಕ್ಕ. ಹಾಲು ಹೆಚ್ಚಾದರೆ ಒಟ್ಟು ಮೀಥೇನ್ ಅಷ್ಟು ಇಳಿಯದೇ ಇರಬಹುದು. ಟ್ಯಾಂಕಿಗೆ ಗೊತ್ತಾಗೋದು ಒಟ್ಟು ಮಾತ್ರ.

ನಮ್ಮ ಕೊಟ್ಟಿಗೆಗೆ ಬಂದರೆ

ಗ್ಲಾಸ್ಗೋ ವಾಗ್ದಾನಕ್ಕೆ ಭಾರತ ಸೇರಲಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ನಮ್ಮಲ್ಲಿ ದನ ಮತ್ತು ಎಮ್ಮೆ ಸೇರಿ ಸುಮಾರು 30 ಕೋಟಿ. ಇವು ಮತ್ತು ಭತ್ತದ ಗದ್ದೆಗಳಿಂದ ಬರೋದು ಸಣ್ಣ ರೈತರ ಬದುಕಿನ ಮೀಥೇನ್, ಐಷಾರಾಮದ್ದಲ್ಲ ಅನ್ನೋದು ನಮ್ಮ ಸರ್ಕಾರದ ನಿಲುವು. ಒಬ್ಬರ ಮನೆಯಲ್ಲಿ ಒಂದೋ ಎರಡೋ ಹಸು ಇರುವ ಕಡೆ ನ್ಯೂಜಿಲೆಂಡಿನಂತೆ ಜಮೀನುವಾರು ಶುಲ್ಕ ಅನ್ನೋದು ಊಹೆಗೂ ನಿಲುಕಲ್ಲ. ಆದರೆ ಸಂಶೋಧನೆ ಇಲ್ಲೂ ಇದೆ. ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಲ್ಲಿ, ಟ್ಯಾನಿನ್ ಇರುವ ಸಸ್ಯಮೂಲಗಳಿಂದ "ಹರಿತ್ ಧಾರಾ" ಅನ್ನೋ ಪೂರಕ ಮೇವು ತಯಾರಾಗಿದೆ. ಮೀಥೇನ್ ಶೇ. 17ರಿಂದ 20ರಷ್ಟು ಇಳಿಸುತ್ತೆ ಅಂತ ಸಂಸ್ಥೆ ಹೇಳುತ್ತೆ. ನಮ್ಮ ಹಸುಗಳು ಕೊಟ್ಟಿಗೆಯಲ್ಲಿ ಹಿಂಡಿ, ಬೂಸಾ ತಿನ್ನೋದರಿಂದ ಬೆರೆಸಿ ಕೊಡೋಕೆ ನ್ಯೂಜಿಲೆಂಡಿಗಿಂತ ನಮಗೇ ಸುಲಭ.

ಇದನ್ನು ಆ ಸಂಜೆ ಅಮ್ಮನಿಗೆ ಹೇಳಿದೆ. ಹಾಲು ಕರೆದು ಸೊಸೈಟಿಗೆ ಹೊರಡೋ ಅವಸರದಲ್ಲಿದ್ದರು. ಕ್ಯಾನ್ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು: "ಅದನ್ನ ಹಾಕಿದ್ರೆ ಹಾಲು ಜಾಸ್ತಿ ಆಗುತ್ತಾ?"

ಏಳು ಸಿಲಿಂಡರಿನ ಲೆಕ್ಕ ನೆನಪಾಗಿ "ಆಗಬೇಕು ಕಣಮ್ಮ, ಉಳಿದ ಶಕ್ತಿ ಹಾಲಿಗೆ ಹೋಗಬೇಕು" ಅಂದೆ. ಆಮೇಲೆ ಓದಿದ್ದೆಲ್ಲ ಜ್ಞಾಪಿಸಿಕೊಂಡು "ಸ್ವಲ್ಪ ಆಗಬಹುದು, ಪ್ರತಿಸಲ ಆಗುತ್ತೆ ಅಂತ ಹೇಳೋಕಾಗಲ್ಲ" ಅಂತ ತಿದ್ದಿಕೊಂಡೆ. ಉಳಿದ ಹೈಡ್ರೋಜನ್ ಎಲ್ಲವೂ ಹಾಲಿನ ದಾರಿ ಹಿಡಿಯಲ್ಲ ಅನ್ನೋದು ಬೇರೆ ಬೇರೆ ದೇಶಗಳ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡ ಮಾತು.

"ಹಂಗಾದ್ರೆ ದುಡ್ಡು ಯಾರು ಕೊಡ್ತಾರೆ?" ಅಂತ ಕೇಳಿ ಅಮ್ಮ ಕ್ಯಾನ್ ಎತ್ತಿಕೊಂಡು ಹೊರಟೇ ಹೋದರು.

ವೆಲ್ಲಿಂಗ್ಟನ್ನಿನ ಮೆಟ್ಟಿಲ ಮೇಲೆ ಟ್ರ್ಯಾಕ್ಟರ್ ಹತ್ತಿಸಿದವರು ಕೇಳಿದ್ದೂ ಇದನ್ನೇ. ತಳಿ, ಗುಳಿಗೆ, ಲಸಿಕೆ, ಉಪಗ್ರಹ ಇವೆಲ್ಲ ನಮ್ಮ ಥರದವರು ಮಾಡಬಹುದಾದ ಕೆಲಸ, ಮಾಡಲೇಬೇಕು. ಆದರೆ ಗಾಳಿಯೆಲ್ಲರದ್ದು, ಹಸು ಒಬ್ಬರದ್ದು ಆಗಿರುವಾಗ ಖರ್ಚನ್ನು ಹೇಗೆ ಹಂಚಿಕೊಳ್ಳೋದು ಅನ್ನೋದಕ್ಕೆ, ಇಷ್ಟೊಂದು ವಿಜ್ಞಾನ ಇಟ್ಟುಕೊಂಡ ದೇಶಕ್ಕೂ ಎಲ್ಲರೂ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲ. ನಾನಂತೂ ಅಸೈನ್‌ಮೆಂಟಿನ ಕೊನೆಯ ಪುಟದಲ್ಲಿ ಅಮ್ಮನ ಎರಡೂ ಪ್ರಶ್ನೆಗಳನ್ನು ಹಾಗೇ ಬರೆದು ಸಬ್‌ಮಿಟ್ ಮಾಡಿದೆ.

ನಿಮಗೊಂದು ಚಿಕ್ಕ ಕೆಲಸ: ಮೇಲಿನ ಟ್ಯಾಂಕಿನ ಲೆಕ್ಕವನ್ನು ಒಂದು ಸ್ಪ್ರೆಡ್‌ಶೀಟಿನಲ್ಲಿ ಹಾಕಿ, ನಲ್ಲಿಯನ್ನು ಒಂದೇ ಸಲ ಇಳಿಸುವ ಬದಲು ವರ್ಷಕ್ಕೆ ಶೇ. 1ರಂತೆ ಇಳಿಸುತ್ತಾ ಹೋಗಿ. 30 ವರ್ಷಕ್ಕೆ ಮಟ್ಟ ಎಲ್ಲಿಗೆ ಬರುತ್ತೆ ನೋಡಿ. ನಿಮ್ಮ ಮನೆಯಲ್ಲೂ ಹಸು ಇದ್ದರೆ, ಉತ್ತರವನ್ನು ಮೊದಲು ಮನೆಯವರಿಗೆ ವಿವರಿಸಿ. ಅವರು ಏನು ಕೇಳಿದರು ಅಂತ ನನಗೂ ಹೇಳಿ.